ಮೇಲಿನ ಸಾಲಿನ ಎಡತುದಿ

ನನ್ನ ಭಾವ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ನಾನೂ ಅದೇ ಕೆಲಸ ಮಾಡಿದೆ. ಮಾತು ಕಡಿಮೆ, ಹಟ ಜಾಸ್ತಿ. ಒಂದು ಸ್ಕ್ರೂ ಮಿಕ್ಕಿದರೂ ಇಡೀ ಮಷೀನನ್ನು ಮತ್ತೆ ಬಿಚ್ಚುವವರು. ಅಂಥವರ ಜೊತೆ ಏಗಿದವರಿಗೇ ಗೊತ್ತು ಆ ಕಷ್ಟ.

ಅಕ್ಕ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಯಾವ ಪುಸ್ತಕ ಕೇಳಿದರೂ ತಲೆಯೆತ್ತದೆ, "ಮೂರನೇ ಕಪಾಟು, ಕೆಳಗಿಂದ ಎರಡನೇ ಸಾಲು, ಬಲತುದಿ" ಅನ್ನುವಳು. ಸ್ಟ್ರೋಕ್ ಆದಮೇಲೆ ಮಾತು ಮರಳಿತು, ನಡಿಗೆ ಮರಳಿತು, ಓದು ಮಾತ್ರ ಮರಳಲಿಲ್ಲ. ಅಕ್ಷರಗಳು ಇರುವೆ ಹರಿದಾಡಿದ ಹಾಗೆ ಕಾಣುತ್ತವೆ ಎಂದಳು. ಆದರೆ ಮನೆಯ ಕಪಾಟಿನಿಂದ ಕೇಳಿದ ಪುಸ್ತಕವನ್ನು ಆಗಲೂ ಕಣ್ಣುಮುಚ್ಚಿ ತೆಗೆದುಕೊಡುತ್ತಿದ್ದಳು. ಜಾಗಗಳನ್ನು ಮರೆತಿರಲಿಲ್ಲ.

ಪೇಚಾಟವೆಲ್ಲ ಫೋನಿನದು. ಭಾವ ಅಂಗಡಿಗೆ ಬಂದರೆ ಮನೆಯಲ್ಲಿ ಅವಳೊಬ್ಬಳೇ. ಏನಾದರೂ ಆದರೆ ಅವರನ್ನು ಕರೆಯಬೇಕು. ಒತ್ತಿದರೆ ಕರೆ ಹೋಗುವ ಅವರ ಚಿತ್ರ ಫೋನಿನಲ್ಲಿ ಒಂದು ಕಡೆ, ಟ್ಯಾಬ್ಲೆಟ್ಟಿನಲ್ಲಿ ಇನ್ನೊಂದು ಕಡೆ, ಕಂಪ್ಯೂಟರಿನಲ್ಲಂತೂ ಹುಡುಕಿದರೂ ಇಲ್ಲ. ಅಪ್‌ಡೇಟ್ ಆದ ಮರುದಿನ ಎಲ್ಲ ಅದಲುಬದಲು.

"ಮೂರರಲ್ಲೂ ಎಲ್ಲ ಒಂದೇ ಜಾಗದಲ್ಲಿ ಇರ್ಬೇಕು ಕಣೋ," ಅಂದರು ಭಾವ. "ರೂಮಿಂದ ರೂಮಿಗೆ ಹೋದ್ರೆ ನಿನ್ನ ಎಡಗೈ ಬಲಕ್ಕೆ ಹೋಗುತ್ತಾ?"

"ಆ ದೊಡ್ಡ ಕಂಪನಿಗಳಿಗೆ ಬರೀರಿ ಭಾವ. ನಿಮ್ಮ ಕಾಗದಕ್ಕೇ ಕಾಯ್ತಾ ಕೂತಿದಾರೆ," ಎಂದು ಕಿಚಾಯಿಸಿದೆ. ಪುಣ್ಯಾತ್ಮ ನಿಜವಾಗಿಯೂ ಬರೆದರು. ಉತ್ತರ ಬರಲಿಲ್ಲ.

ಆಮೇಲೆ ಅಂಗಡಿಯ ಖಾಲಿ ರಟ್ಟಿನ ಡಬ್ಬಗಳ ಮೇಲೆ ಚಿತ್ರ ಬರೆಯತೊಡಗಿದರು. ಫೋನಿನ ಪರದೆಯೆಂದರೆ ನಡುಮನೆಯ ಪುಸ್ತಕದ ಕಪಾಟೇ. ನಾಲ್ಕು ಸಾಲು, ಸಾಲಿಗೆ ಮೂರು ಖಾನೆ. ಮೇಲಿನ ಸಾಲಿನ ಎಡತುದಿ ಅವರದು, ಪಕ್ಕದಲ್ಲಿ ನಾನು, ಆಮೇಲೆ ಡಾಕ್ಟರು. ಕೆಳಗೆ ಹಾಡು, ಫೋಟೊ. ಮೂರು ಯಂತ್ರಗಳಲ್ಲೂ ಅದೇ ಕಪಾಟು ಕಾಣುವಂತೆ ಮಾಡಲು ಎಂಟು ತಿಂಗಳು ಹಿಡಿಯಿತು. ಅಕ್ಕ ಮೊದಲ ದಿನವೇ ಸರಿಯಾದ ಖಾನೆಗೆ ಬೆರಳಿಟ್ಟಳು. "ರೀ, ಸಿಕ್ಕಿದ್ರಿ!" ಅಂದಳಂತೆ. ಭಾವ ಅಂದು ಮೂರು ಗಂಟೆಗೇ ಅಂಗಡಿ ಮುಚ್ಚಿ ಮನೆಗೆ ಹೋದರು.

ಅದನ್ನು ಕೆಡಿಸಿದ್ದೂ ಅವರೇ. ಅವಳ ಹೆಬ್ಬೆರಳು ಫೋನಿನ ಮೇಲ್ತುದಿಗೆ ಎಟುಕುವುದು ಕಷ್ಟವೆಂದು ಕನಿಕರಪಟ್ಟು, ಫೋನಿನಲ್ಲಿ ಮಾತ್ರ ತಮ್ಮ ಖಾನೆಯನ್ನು ಕೆಳಗಿನ ಸಾಲಿಗೆ ಇಳಿಸಿದರು. ಅವಳಿಗೆ ತೋರಿಸಿಕೊಟ್ಟರು, ಅವಳೂ ಹೂಂ ಅಂದಳು. ಮಾರನೆಯ ಬೆಳಿಗ್ಗೆ ಮಂಚದ ಪಕ್ಕ ಜಾರಿಬಿದ್ದಳು. ಕೈಯಲ್ಲಿ ಫೋನಿತ್ತು. ಅಂಗಡಿಯಲ್ಲಿ ನಾವು, ಫೋನ್ ಬರಲಿಲ್ಲವಲ್ಲ, ಎಲ್ಲ ಸರಿಯಿದೆ ಎಂದುಕೊಂಡೆವು. ಸಂಜೆ ಭಾವ ಬಾಗಿಲು ತೆರೆದಾಗಲೂ ಅವಳು ಖಾಲಿಯಾಗಿದ್ದ ಆ ಮೂಲೆಯನ್ನೇ ಒತ್ತುತ್ತಿದ್ದಳು. ಪಕ್ಕದ ಖಾನೆಯಲ್ಲಿ ನಾನಿದ್ದೆ. ಅವಳಿಗೆ ಬೇಕಿದ್ದದ್ದು ನಾನಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಭಾವ ನನ್ನ ಕೈ ಹಿಡಿದುಕೊಂಡು ಅತ್ತರು. "ಅವಳು ಕರೀತಾನೇ ಇದ್ಳು ಕಣೋ. ನಾನೇ ಅಲ್ಲಿರ್ಲಿಲ್ಲ." ಇಂಥ ಮನುಷ್ಯನನ್ನು ಕಿಚಾಯಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅಲ್ಲೇ ಕೂತು ಖಾನೆಯನ್ನು ಮೊದಲಿನ ಜಾಗಕ್ಕೆ ಹಾಕಿದರು. ಮತ್ತೆಂದೂ ಏನನ್ನೂ ಕದಲಿಸಲಿಲ್ಲ.

ಭಾವ ಹೋಗಿ ಈಗ ಒಂದು ವರ್ಷ. ಅಂಗಡಿಯಲ್ಲೇ, ಕೂತಲ್ಲೇ, ಎದೆನೋವು. ಅಕ್ಕನನ್ನು ನಮ್ಮ ಮನೆಗೆ ಕರೆತಂದೆವು. ಕಪಾಟನ್ನೂ ತಂದು, ಪುಸ್ತಕಗಳನ್ನು ಇದ್ದ ಹಾಗೆಯೇ ಜೋಡಿಸಿದೆವು.

"ಆ ಮೂಲೆಗೆ ನಿಮ್ಮ ನಂಬರ್ ಹಾಕ್ಬಿಡ್ರಿ," ಅಂದಳು ನನ್ನ ಹೆಂಡತಿ. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಮನಸ್ಸು ಬರಲಿಲ್ಲ. ಭಾವನ ಫೋನನ್ನೇ ಚಾರ್ಜ್ ಮಾಡಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅದು ರಿಂಗಾಗುತ್ತದೆ.

"ರೀ?"

"ನಾನು ಕಣಕ್ಕ."

ಭಾವ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು.

"ನಿನ್ನ ಜಾಗ ಪಕ್ಕದ್ದಲ್ವೇನೋ?"

"ಹೌದಕ್ಕ. ಭಾವನ ಜಾಗ ನೋಡ್ಕೊಳ್ತಾ ಇದೀನಿ ಅಷ್ಟೆ."

"ಹಾಗಾದ್ರೆ ಸರಿ. ಕದಲಿಸ್ಬೇಡ," ಎಂದು ಫೋನ್ ಇಡುತ್ತಾಳೆ.