ಮಂಡಲ ಹೋಗಿ ಮಂಡಳಿ ಆದದ್ದು

ಏಕೀಕರಣವಾದ ಹೊಸದರಲ್ಲಿ ನಾನು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಜೇಂದ್ರಗಡದ ವಾಚನಾಲಯದವರು ಉಪನ್ಯಾಸಕ್ಕೆ ಕರೆದಾಗ ‘ಸಣ್ಣ ನಕ್ಷತ್ರಮಂಡಲಗಳ ಹುಟ್ಟು ಮತ್ತು ಬೆಳವಣಿಗೆ’ ಎಂದು ವಿಷಯ ಬರೆದು ಕಳಿಸಿದೆ. ನಮ್ಮ ಕಡೆ ಮಂಡಳಿ ಎಂದರೆ ನಾಟಕ ಕಂಪನಿ. ಡಂಗುರದವನು ಮಂಡಲವನ್ನು ಮಂಡಳಿ ಮಾಡಿ ಊರೆಲ್ಲ ಸಾರಿಬಿಟ್ಟಿದ್ದ.

ಸಂಜೆ ಹೋಗಿ ನೋಡಿದರೆ ವಾಚನಾಲಯದ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಪುಟಾಣಿ, ಚುರುಮುರಿ ಮಾರುವವನೂ ಬಂದು ಕೂತಿದ್ದ. ನನ್ನ ವಿದ್ವತ್ತಿನ ಖ್ಯಾತಿಯೇ ಇದಕ್ಕೆ ಕಾರಣ ಎಂದುಕೊಂಡು ಉಬ್ಬಿಹೋದೆ.

ನಮ್ಮ ಆಕಾಶಗಂಗೆಯಂಥ ನಕ್ಷತ್ರಗಳ ಗುಂಪುಗಳು ಬೇಕಾದಷ್ಟಿವೆ, ಕೆಲವು ಬಲು ಸಣ್ಣವು, ಆದರೆ ಒತ್ತೊತ್ತಾಗಿ ತುಂಬಿರುತ್ತವೆ ಎಂದೆ. ಮುಂದೆ ಕೂತಿದ್ದ ಮುದುಕ ಕೈ ಎತ್ತಿದ.

“ಹಾಡು ಎಷ್ಟ್ ಅದಾವ್ರಿ?”

“ಒಂದೂ ಇಲ್ಲ.”

“ಹಂಗಾದ್ರ ನಡಿಯೂದಿಲ್ ತಗೋರಿ.”

ಮೈ ಉರಿದುಹೋಯಿತು. ಆದರೂ ಬಿಡಲಿಲ್ಲ. ಕೆಲವು ಮಂಡಲಗಳಲ್ಲಿ ಹುಟ್ಟುವಾಗಲೇ ಅನಿಲವೆಲ್ಲ ನಡುವಿಗೆ ಕುಸಿದು ನಕ್ಷತ್ರಗಳು ಒತ್ತಾಗಿ ಹುಟ್ಟುತ್ತವೆ. ಇನ್ನು ಕೆಲವು ಮೊದಲು ದೊಡ್ಡವೇ ಇದ್ದಿರಬಹುದು. ಅವಕ್ಕಿಂತ ದೊಡ್ಡದೊಂದು ಹತ್ತಿರ ಬಂದರೆ ಅಂಚಿನವರನ್ನೆಲ್ಲ ಸೆಳೆದುಕೊಳ್ಳುತ್ತದೆ, ನಡುವಿನ ಗಟ್ಟಿ ಭಾಗವಷ್ಟೇ ಉಳಿಯುತ್ತದೆ ಎಂದೆ. ಬಾಯಿತಪ್ಪಿ ‘ಅಂಚಿನವರು’ ಎಂದಿದ್ದೆ.

ಎಲ್ಲರೂ ತಿರುಗಿ ಹಿಂದೆ ನಿಂತಿದ್ದ ಗಂಡಹೆಂಡಿರನ್ನು ನೋಡಿದರು. ಊರಲ್ಲಿ ಬೀಡುಬಿಟ್ಟಿದ್ದ ಸಣ್ಣ ನಾಟಕ ಕಂಪನಿಯ ಮಾಲಕ ಅವನು. ನರಗುಂದಕ್ಕೆ ಬಂದ ದೊಡ್ಡ ಕಂಪನಿ ಅವನ ನಟರನ್ನು ಒಬ್ಬೊಬ್ಬರಾಗಿ ಎಳೆದುಕೊಂಡಿತ್ತು. ಅವನು, ಹೆಂಡತಿ, ಹಾರ್ಮೋನಿಯಂ ಪೇಟಿ ಬಾರಿಸುವವ, ಒಬ್ಬ ಹಾಸ್ಯಗಾರ, ಇಷ್ಟೇ ಜನ ಉಳಿದಿದ್ದರು. ಆ ಜಗಳದ ಪಂಚಾಯಿತಿಗೇ ನಾನು ಬಂದಿದ್ದೇನೆಂದು ಊರಿನವರು ತಿಳಿದಿದ್ದರು.

“ಹಂಗ ಎಳಕೊಳ್ಳೂದು ನ್ಯಾಯ ಏನ್ರಿ?” ಮುದುಕ ಮತ್ತೆ ಎದ್ದ.

“ನ್ಯಾಯದ ಮಾತಲ್ಲ, ಗುರುತ್ವಾಕರ್ಷಣ.”

“ಅಂವ ಯಾರ್ರಿ? ನರಗುಂದದಾಂವೇನು?”

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಮಾಲಕ ಮುಂದೆ ಬಂದು ಕೈಮುಗಿದ.

“ಮಾಸ್ತರ್ರ, ನಡುವ ಉಳದವ್ರ ಗತಿ ಏನ್ರಿ? ನಾಳೆ ಆಟ ಇಡಬೇಕೋ, ಪರದೆ ಬಿಚ್ಚಿಕೊಂಡು ಹೋಗಬೇಕೋ?”

ಅವನ ಮುಖ ನೋಡಿ ನನ್ನ ಸಿಟ್ಟು ಇಳಿದುಹೋಯಿತು. ಮರುಕ ಬಂತು. ಆದರೆ ನನಗೆ ಗೊತ್ತಿದ್ದದ್ದು ನಕ್ಷತ್ರಗಳ ಸಂಗತಿ ಮಾತ್ರ.

“ಹೊಸಾವು ಹುಟ್ಟೂದಿಲ್ರಿ. ದೊಡ್ಡದು ಪೂರಾ ನುಂಗಲಿಲ್ಲಂದ್ರ, ಇದ್ದ ಹಳೇವು ಒತ್ತಿ ನಿಂತು ಭಾಳ ಕಾಲ ಉರೀತಾವ.”

“ಖರೇನ್ರಿ?”

“ಖರೇ.”

ಅವನು ಹೆಂಡತಿಯ ಕಡೆ ತಿರುಗಿ, “ನಾಳೆ ಆಟ ಐತಿ” ಎಂದ.

ನಾನೂ ಉಳಿದುಕೊಂಡು ನೋಡಿದೆ. ಇಡೀ ಆಸ್ಥಾನ, ಎರಡೂ ಕಡೆಯ ಸೈನ್ಯ, ಎಲ್ಲವೂ ಆ ನಾಲ್ವರೇ. ಮಾಲಕ ರಾಜನಾಗಿ ಸತ್ತ, ಉರುಳುತ್ತ ಪರದೆಯ ಹಿಂದೆ ಹೋದ, ಪೇಟ ಬದಲಿಸಿ ಮಂತ್ರಿಯಾಗಿ ಬಂದು, ರಾಜ ಬಿದ್ದಿದ್ದ ಖಾಲಿ ಜಾಗದ ಮುಂದೆ ಗಳಗಳ ಅತ್ತ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಟ ಮುಗಿಯುವ ತನಕ ಒಬ್ಬರೂ ಎದ್ದು ಹೋಗಲಿಲ್ಲ.