ಪ್ಲೇಟಿಗೆ ಮೂರನೇ ಪಕ್ಕ ಇಲ್ಲ

ಬೆಳಗಿನ ಐದು ಗಂಟೆ. ಇಂಡೊನೇಷ್ಯಾದ ಸೋಲೋ ಊರಿನ ಓಣಿಯಲ್ಲಿ ಮಸೀದಿಯ ಬಾಂಗ್ ಮುಗಿದಿದೆ, ಬೈಕುಗಳು ಇನ್ನೂ ಎದ್ದಿಲ್ಲ. ದಾರ್ಮಾಜಿಯವರ ನಡುಮನೆಯಲ್ಲಿ ಅರವತ್ತೆರಡರ ವಾಗಿಯೆಮ್ ಮಂಡಿಯೂರಿ ಕೂತು ಒಂದು ಕಪ್ಪು ಗ್ರಾಮಫೋನ್ ಪ್ಲೇಟನ್ನು ಎತ್ತಿ ಹಿಡಿದಿದ್ದಾರೆ. ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟುತ್ತಾರೆ. ಟಿಣ್. ಇನ್ನೊಮ್ಮೆ. ಟಿಣ್. ಈಚಿನ ವಿನೈಲ್ ಪ್ಲೇಟಾದರೆ ಸದ್ದು ಮೊಂಡು, ಹಳೆಯ ಅರಗಿನ ಪ್ಲೇಟಾದರೆ ಮಡಕೆ ತಟ್ಟಿದ ಹಾಗೆ. ಇದು ಅರಗಿನದೆಂದು ಅವರಿಗೆ ಒಂದು ವರ್ಷದಿಂದ ಗೊತ್ತು. ಆದರೂ ತಟ್ಟುತ್ತಾರೆ. ಕೈ ನಡುಗುತ್ತಿದೆ.

"ಸಾಕು ಯೆಮ್," ಎನ್ನುತ್ತಾರೆ ಎಂಬತ್ತಾರರ ದಾರ್ಮಾಜಿ, ಬೆತ್ತದ ಕುರ್ಚಿಯಿಂದ. "ಹೋದ ವರ್ಷ ಒಂದೇ ಒಂದ್ಸಲ ತಟ್ಟಿದ್ರೂ ಆಗಿತ್ತು."

ವಾಗಿಯೆಮ್ ಪ್ಲೇಟನ್ನು ಮಡಿಲಿಗೆ ಇಳಿಸುತ್ತಾರೆ.

ನಮ್ಮೂರಿನಲ್ಲಿ ಹಳೆಯ ರೇಡಿಯೋಗ್ರಾಮ್, ಅಂದರೆ ರೇಡಿಯೋ ಗ್ರಾಮಫೋನ್ ಎರಡೂ ಕೂಡಿದ ಮರದ ಪೆಟ್ಟಿಗೆ, ಇನ್ನೂ ಹಾಡುತ್ತಿರುವ ಮನೆ ಸುಮಾರು ನಲವತ್ತು. ಅಷ್ಟೂ ಮನೆಯ ಯಜಮಾನರಿಗೆ ತಮ್ಮ ಪೆಟ್ಟಿಗೆಯ ಬಗ್ಗೆ ಗಂಟೆಗಟ್ಟಲೆ ಕೊಚ್ಚಿಕೊಳ್ಳಲು ಬರುತ್ತದೆ, ಅದರ ಹಿಂದಿನ ಹಲಗೆ ಬಿಚ್ಚಲು ಒಬ್ಬರಿಗೂ ಬರುವುದಿಲ್ಲ. ಬಿಚ್ಚುವವರು ವಾಗಿಯೆಮ್. ಹದಿನಾಲ್ಕನೇ ವಯಸ್ಸಿಗೆ ರೇಡಿಯೋ ಅಂಗಡಿಯಲ್ಲಿ ಗುಡಿಸಲು ಸೇರಿದವರು, ಗುಡಿಸುತ್ತಲೇ ತಂತಿ ಸುತ್ತುವುದನ್ನು ಕಲಿತರು. ಅಂಗಡಿ ಮುಚ್ಚಿತು, ಗಂಡ ಬೇಗ ತೀರಿಕೊಂಡ, ಸೈಕಲ್ಲೇ ಅಂಗಡಿಯಾಯಿತು. ಈಗ ಬೆಳಗಿನ ಎಂಟು ಗಂಟೆಯೊಳಗೆ ಎರಡು ಮನೆ, ಕೆಲವು ದಿನ ಮೂರು. ಬೈಕುಗಳು ಶುರುವಾದರೆ ನೆಲ ಅದುರಿ ಮುಳ್ಳು ಹಾರುತ್ತದೆ. ಪಕ್ಕದ ಮನೆಯವರು ಇಸ್ತ್ರಿಪೆಟ್ಟಿಗೆ ಹಾಕಿದರೆ ಕರೆಂಟು ಕುಗ್ಗಿ ಹಾಡು ಜೋಲು ಬೀಳುತ್ತದೆ.

"ರಬ್ಬರ್ ಬೆಲ್ಟ್ ಎಲ್ಲೂ ಸಿಗಲ್ಲ. ಸೈಕಲ್ ಟ್ಯೂಬ್ ಕೊಯ್ದು ಹಾಕ್ತೀನಿ. ಹಾಡೋರ್ಗೆ ಗೊತ್ತಾಗಲ್ಲ, ಕೇಳೋರ್ಗೂ ಗೊತ್ತಾಗಲ್ಲ," ಎನ್ನುತ್ತಾರೆ.

ಈ ಮನೆಯ ಪ್ಲೇಟಿನ ಕತೆ ಬೇರೆ. ದಾರ್ಮಾಜಿಯವರ ಹೆಂಡತಿ ಸುಹಾರ್ತಿ ಹದಿನೇಳರ ಹುಡುಗಿಯಾಗಿದ್ದಾಗ ಪಿಟೀಲು, ಗಿಟಾರುಗಳ ಜೊತೆ ಹಾಡುವ ಕೆರೊಂಚೊಂಗ್ ಹಾಡಿನ ಸ್ಪರ್ಧೆ ಗೆದ್ದರು. ಸ್ಪರ್ಧೆ ನಡೆಸಿದ ಸಂಘದವರು ಪಕ್ಕಕ್ಕೊಂದರಂತೆ ಎರಡು ಹಾಡಿನ ಪ್ಲೇಟು ಮಾಡಿಸಿದರು. ಅಚ್ಚಾದದ್ದು ಐವತ್ತು, ಉಳಿದದ್ದು ಇದೊಂದು. ಕಳೆದ ವರ್ಷ ಅದಕ್ಕೆ ಬೂಷ್ಟು ಹಿಡಿಯಿತೆಂದು ವಾಗಿಯೆಮ್ ಅವರನ್ನು ಕರೆಸಿದರು. ಆ ತಿಂಗಳೆಲ್ಲ ಅವರ ಕೈಗೆ ಬಂದದ್ದು ವಿನೈಲ್ ಪ್ಲೇಟುಗಳೇ. ರೂಢಿಯ ಕೈ ಸ್ಪಿರಿಟ್ ಬಾಟಲಿಗೆ ಹೋಯಿತು. ವಿನೈಲಿಗೆ ಸ್ಪಿರಿಟ್ ಸ್ನಾನ, ಅರಗಿಗೆ ಸ್ಪಿರಿಟ್ ವಿಷ.

"ಬಟ್ಟೆ ಕಪ್ಪಾಯ್ತು. ಕೊಳೆ ಬರ್ತಿದೆ ಅಂತ ಖುಷೀಲಿ ಇನ್ನೂ ಉಜ್ಜಿದೆ," ಎನ್ನುತ್ತಾರೆ ವಾಗಿಯೆಮ್. "ಕೊಳೆ ಅಲ್ಲ ಅದು. ಹಾಡು."

ಒಂದು ಪಕ್ಕ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತು. ಇನ್ನೊಂದು ಪಕ್ಕವನ್ನು ಮುಟ್ಟಲು ದಾರ್ಮಾಜಿ ಬಿಡಲಿಲ್ಲ. ಅಂದಿನಿಂದ ವಾಗಿಯೆಮ್ ಈ ಓಣಿ ತಪ್ಪಿಸಿ ಮಾರುಕಟ್ಟೆಗೆ ಸುತ್ತು ದಾರಿ ಹಿಡಿದರು. ಮೊನ್ನೆ ದಾರ್ಮಾಜಿಯವರೇ ಹೇಳಿಕಳಿಸಿದರು. ಸುಹಾರ್ತಿಯವರ ಬಲಗಿವಿ ಹೋಗಿದೆ, ಎಡಗಿವಿ ಈ ಮಳೆಗಾಲ ದಾಟುವುದಿಲ್ಲ ಎಂದಿದ್ದಾರೆ ಡಾಕ್ಟರು. ಉಳಿದ ಪಕ್ಕವನ್ನು ಅಷ್ಟರೊಳಗೆ ಒಮ್ಮೆ ಕೇಳಬೇಕು. ಇವತ್ತು ಸುಹಾರ್ತಿಯವರ ವೆತೊನ್, ಜಾವಾ ಪಂಚಾಂಗದಂತೆ ಮೂವತ್ತೈದು ದಿನಕ್ಕೊಮ್ಮೆ ಮರಳುವ ಹುಟ್ಟಿದ ದಿನ. ಮೇಜಿನ ಮೇಲೆ ಆ ದಿನಕ್ಕೆಂದೇ ಮಾಡುವ ಕೆಂಪು ಬಿಳಿ ಗಂಜಿಯ ಬಟ್ಟಲು ಆರುತ್ತಿದೆ.

ಪೆಟ್ಟಿಗೆಯೊಳಗಿನ ಗಾಜಿನ ವಾಲ್ವುಗಳು ಕೆಂಪಗಾಗುತ್ತವೆ. ವಾಗಿಯೆಮ್ ಪ್ಲೇಟನ್ನು ಓರೆಯಾಗಿ ಹಿಡಿದು ದೀಪಕ್ಕೆ ಒಡ್ಡುತ್ತಾರೆ. ಒಳ್ಳೆಯ ಪಕ್ಕದ ಅಂಚಿನಲ್ಲೂ ಹೆಬ್ಬೆರಳಗಲದ ಬೂದಿ ಕಲೆ. ಅವತ್ತು ಸ್ಪಿರಿಟ್ ಅಂಚು ದಾಟಿ ಇಳಿದಿದೆ. ಮುಳ್ಳು ಅಲ್ಲಿ ಇಳಿದರೆ ಜಾರಿ ಇಡೀ ಹಾಡಿನ ಮೇಲೆ ಗೀರು ಎಳೆಯುತ್ತದೆ. ಕಲೆ ದಾಟಿ ಕೂದಲೆಳೆ ಒಳಗೆ ಇಳಿಸಬೇಕು, ಬರಿಗೈಯಲ್ಲಿ.

"ಇದೂ ಹೋದ್ರೆ ಪ್ಲೇಟಿಗೆ ಮೂರನೇ ಪಕ್ಕ ಇಲ್ಲ ಯೆಮ್," ಎನ್ನುತ್ತಾರೆ ದಾರ್ಮಾಜಿ.

"ನೀವು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಚಹಾ ಹಿಡಿದು ಒಳಗಿನಿಂದ ಬಂದ ಸುಹಾರ್ತಿ ಗಂಡನನ್ನು ಗದರುತ್ತಾರೆ. "ಕೈ ನಡುಗ್ತಿರೋ ಹೆಂಗಸಿನ ಹತ್ರ ಹಾಗಾ ಮಾತಾಡೋದು? ಯೆಮ್, ಮೊದ್ಲು ಚಹಾ ಕುಡಿ. ಅರವತ್ತೇಳು ವರ್ಷ ಕಾದಿರೋ ಹಾಡು, ಎಲ್ಲೂ ಓಡಿಹೋಗಲ್ಲ."

ಶುಂಠಿ ಚಹಾ ಎರಡು ಗುಟುಕು. ಹೊರಗೆ ಎಲ್ಲೋ ಮೊದಲ ಬೈಕು ಕೆಮ್ಮಿ ನಿಲ್ಲುತ್ತದೆ. ವಾಗಿಯೆಮ್ ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿ ಹಿಡಿದು, ಉಸಿರು ಕಟ್ಟಿ, ಮುಳ್ಳಿನ ತೋಳನ್ನು ಇಳಿಸುತ್ತಾರೆ. ಅವರ ಕೆಲಸ ನೋಡಲು ಜೊತೆಗೆ ಬಂದ ನಾನೂ ಉಸಿರಾಡುವುದನ್ನು ಮರೆಯುತ್ತೇನೆ. ಚರ್ ಎಂಬ ಸದ್ದು. ಆಮೇಲೆ ಪಿಟೀಲು, ಅದರ ಹಿಂದೆ ಹದಿನೇಳರ ಹುಡುಗಿಯ ದನಿ.

ಸುಹಾರ್ತಿ ಎಡಗಿವಿಯನ್ನು ಸ್ಪೀಕರಿನ ಬಟ್ಟೆಗೆ ಒತ್ತಿ ಕೂರುತ್ತಾರೆ. ಹಾಡು ಮುಗಿದಾಗ ದಾರ್ಮಾಜಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಈಗ ತಿರುಗ್ಸಿ ಹಾಕು," ಎನ್ನುತ್ತಾರೆ ಸುಹಾರ್ತಿ.

"ಆ ಪಕ್ಕದಲ್ಲಿ ಏನೂ ಉಳಿದಿಲ್ಲ ಅಮ್ಮ. ನಾನು..."

"ಹಾಕು ಅಂದೆ."

ವಾಗಿಯೆಮ್ ಪ್ಲೇಟು ತಿರುಗಿಸುತ್ತಾರೆ. ಬೂದಿ ಪಕ್ಕಕ್ಕೆ ಮುಳ್ಳು ತಾಗಿದ್ದೇ ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ ಗದ್ದಲ. ಆ ಗದ್ದಲದ ಮೇಲೆ ಎಂಬತ್ತನಾಲ್ಕರ ಸುಹಾರ್ತಿ ಹಾಡಲು ಶುರು ಮಾಡುತ್ತಾರೆ. ದನಿ ಒಡೆಯುತ್ತದೆ, ಎರಡು ಕಡೆ ಶ್ರುತಿ ಜಾರುತ್ತದೆ, ಪದ ಒಂದೂ ಮರೆತಿಲ್ಲ. ಪ್ಲೇಟು ನಿಲ್ಲುವವರೆಗೂ ಹಾಡುತ್ತಾರೆ. ವಾಗಿಯೆಮ್ ಹೆಗಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ.

"ಅಳೋದು ಸಾಕು," ಎನ್ನುತ್ತಾರೆ ಸುಹಾರ್ತಿ. "ಮುಂದಿನ ವೆತೊನ್‌ಗೂ ಬಾ. ಈ ಪಕ್ಕಾನೇ ಮೊದ್ಲು ಹಾಕು. ಕಿವಿ ಹೋಗಿದ್ರೂ ಪರವಾಗಿಲ್ಲ, ತಿರುಗೋದು ಕಾಣ್ಸುತ್ತಲ್ಲ, ನೋಡ್ಕೊಂಡು ಹಾಡ್ತೀನಿ."

ಓಣಿಯಲ್ಲಿ ಬೈಕುಗಳು ಎದ್ದಿವೆ. ವಾಗಿಯೆಮ್ ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ, ಸುತ್ತು ದಾರಿ ಬಿಟ್ಟು ನೇರ ಮಾರುಕಟ್ಟೆಯ ಕಡೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿಕೊಳ್ಳುತ್ತಾರೆ.

"ಇನ್ನು ಮೂವತ್ತೈದು ದಿನ," ಎನ್ನುತ್ತಾರೆ. "ಅವತ್ತು ಇದು ನಡುಗ್ದೇ ಇದ್ರೆ ಸಾಕು."