ಸಿಸ್ಟರಮ್ಮನ ಎರಡನೆಯ ಕುರ್ಚಿ

ಬೀದಿಯವರಿಗೆಲ್ಲ ಅವಳು ಸಿಸ್ಟರಮ್ಮ. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಲವತ್ತೆರಡನೆಯ ವಯಸ್ಸಿನಲ್ಲಿ ಬಡಗಿ ಮೇಸ್ತ್ರಿಯ ಅಂಗಡಿಗೆ ಹೋಗಿ ಉಳಿ ಹಿಡಿದರೆ ಜನ ಹೆಸರನ್ನೇನು ಬದಲಾಯಿಸುತ್ತಾರೆಯೇ? ಆಡಿಕೊಂಡರು, ಅಷ್ಟೆ. ಆಡುವವರ ಬಾಯಿಗೆ ಬೀಗ ಹಾಕುವುದು ಯಾವ ಬಡಗಿಯಿಂದಲೂ ಆಗುವುದಿಲ್ಲ.

ಗುಣವಾಗಿ ಮನೆಗೆ ಹೋದವರು ಕೆಟ್ಟ ಕುರ್ಚಿಯಿಂದ ಏಳಲು ಹೋಗಿ ಬಿದ್ದು, ಮತ್ತೆ ಅದೇ ಮಂಚಕ್ಕೆ ಬರುವುದನ್ನು ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು. ಸರಿಯಾದ ಕುರ್ಚಿ ಮಾಡಲು ತಾನೇ ಕಲಿಯುತ್ತೇನೆಂದು ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿದಳು. ಗಂಡ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ಜಾರಿಕೊಂಡ. ಅತ್ತೆಗೆ ಅಂಥ ಅಭ್ಯಾಸವಿಲ್ಲ, ನಿವೃತ್ತ ಹೆಡ್‌ಮಿಸ್ಸು. ಕೈಯಲ್ಲಿದ್ದ ಕೆಲಸ ಬಿಟ್ಟು ಮರ ಕೆರೆಯಲು ಹೊರಟವಳಿಗೆ ತಲೆ ನೆಟ್ಟಗಿಲ್ಲ ಎಂದು ಮುಖಕ್ಕೇ ಹೇಳಿದರು.

ಮೊದಲ ಕುರ್ಚಿಯನ್ನು ಅವಳು ಮಾಡಿದ್ದು ಆ ಅತ್ತೆಗಾಗಿಯೇ. ಎಡಮಂಡಿಯ ಆಪರೇಷನ್ ಆದ ಮೇಲೆ ಎರಡು ವರ್ಷದಿಂದ ಅವರು ಇನ್ನೊಬ್ಬರ ಆಸರೆಯಿಲ್ಲದೆ ಎದ್ದಿರಲಿಲ್ಲ. ಒಂದೇ ನೋಟಕ್ಕೆ ಇಡೀ ಶಾಲೆಯನ್ನು ಎದ್ದು ನಿಲ್ಲಿಸುತ್ತಿದ್ದ ಹೆಂಗಸು ಈಗ ತಾನು ಏಳಲು ಯಾರನ್ನಾದರೂ ಕೂಗಬೇಕಿತ್ತು. ಕೂಗಲು ಮನಸ್ಸಾಗದೆ ಎಷ್ಟೋ ಸಲ ಬಾಯಾರಿಕೊಂಡೇ ಕೂತಿರುತ್ತಿದ್ದರು.

ಆಳವಾದ ಆಸನ, ಹಿಂದಕ್ಕೆ ವಾಲಿದ ಬೆನ್ನು, ಮೆತ್ತನೆಯ ದಿಂಬು. ಅತ್ತೆ ಕೂತರು, ಕಣ್ಣು ಮುಚ್ಚಿದರು, ತಲೆದೂಗಿದರು. ಆಮೇಲೆ ಏಳಲು ಆಗಲೇ ಇಲ್ಲ. ಮಗ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲೆಳೆದರು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಆ ಕುರ್ಚಿಯಲ್ಲಿ ತಾನೇ ಕೂತಾಗ ಅವಳಿಗೆ ತಪ್ಪು ಹೊಳೆಯಿತು. ವಾರ್ಡಿನಲ್ಲಿ ಏಳುವವರಿಗೆಲ್ಲ ಅವಳ ಕೈ ಆಸರೆಯಾಗಿರುತ್ತಿತ್ತು. ಮನುಷ್ಯ ಒಬ್ಬನೇ ಹೇಗೆ ಏಳುತ್ತಾನೆ ಎಂಬುದನ್ನು ಅವಳು ನೋಡಿಯೇ ಇರಲಿಲ್ಲ.

ಆಮೇಲೆ ಒಂದು ವಾರ ಅಡುಗೆಮನೆಯ ಬಾಗಿಲ ಸಂದಿಯಿಂದ ಅತ್ತೆಯನ್ನೇ ನೋಡಿದಳು. ಯಾರೂ ಇಲ್ಲವೆಂದುಕೊಂಡಾಗ ಅವರು ಪಾದಗಳನ್ನು ಹಿಂದಕ್ಕೆಳೆದುಕೊಂಡು, ಬಲಗಡೆ ವಾಲಿ, ಬಲಗೈ ಊರಲು ಜಾಗ ಹುಡುಕಿ, ಅರ್ಧಕ್ಕೇ ಸೋತು ಕೂತುಬಿಡುತ್ತಿದ್ದರು. ಎರಡನೆಯ ಕುರ್ಚಿಗೆ ಅವಳು ಆಸನವನ್ನು ನಾಲ್ಕು ಬೆರಳು ಎತ್ತರಿಸಿದಳು. ಪಾದ ಹಿಂದೆ ಸರಿಯಲೆಂದು ಮುಂಗಾಲುಗಳ ನಡುವಿನ ಅಡ್ಡಪಟ್ಟಿ ತೆಗೆದಳು. ಕುರ್ಚಿಯ ಬಲಗಡೆಯ ಕೈಯನ್ನು ಎಡದ್ದಕ್ಕಿಂತ ಒಂದಂಗುಲ ಮೇಲೆ ಕೂರಿಸಿದಳು.

ಮೇಸ್ತ್ರಿ ಎರಡೂ ಕೈಗಳ ಮೇಲೆ ಹಲಗೆ ಹಾಸಿ ರಸಮಟ್ಟ ಇಟ್ಟರು. ಅದರೊಳಗಿನ ಗುಳ್ಳೆ ಒಂದೇ ಕಡೆಗೆ ಓಡಿತು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಬೇಕಂತಲೇ ಹೀಗೆ ಮಾಡಿದೆ ಅನ್ನಬೇಡಮ್ಮ," ಎಂದರು. ಡೊಂಕು ಕುರ್ಚಿ ಅವರ ಅಂಗಡಿಯಿಂದ ಎಂದೂ ಹೊರಗೆ ಹೋಗಿರಲಿಲ್ಲ. ಅವರು ಒಪ್ಪದೆ ಯಾರೂ ಆಸನದಡಿ ತಮ್ಮ ಗುರುತು ಕೆತ್ತುವಂತಿರಲಿಲ್ಲ.

"ಅತ್ತೆ ಮಂಡಿನೂ ಸಮ ಇಲ್ಲ ಮೇಸ್ತ್ರಿ. ಭಾನುವಾರ ಬಂದು ನೋಡಿ. ಅವರು ಏಳದಿದ್ರೆ ಸೋಮವಾರ ವಾರ್ಡಿಗೆ ವಾಪಸ್ ಹೋಗ್ತೀನಿ." ರಜೆ ಮುಗಿಯುವುದೂ ಅಂದೇ.

ಮೇಸ್ತ್ರಿ ಬಂದರು. ಅತ್ತೆ ಮುಖ ಸಿಂಡರಿಸಿಕೊಂಡೇ ಕೂತರು. ಸ್ವಲ್ಪ ಹೊತ್ತಿನ ಮೇಲೆ ಪಾದ ಹಿಂದಕ್ಕೆಳೆದುಕೊಂಡರು. ಬಲಗೈಗೆ ಜಾಗ ಸಿಕ್ಕಿತು. ಮೈ ಮೇಲೆದ್ದಿತು, ಅರ್ಧದಲ್ಲಿ ನಿಂತಿತು. ಹತ್ತೊಂಬತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಸೊಸೆ ಕೈಚಾಚಿ ಮುಂದೆ ನುಗ್ಗಿದಳು.

ಅತ್ತೆ ಆ ಹಳೆಯ ನೋಟ ಬೀರಿದರು. "ಅಲ್ಲೇ ನಿಲ್ಲು. ನೀನು ಮಾಡಿದ್ದನ್ನ ನೀನೇ ನಂಬಲ್ವಾ?"

ಅವಳು ನಿಂತಳು. ಅತ್ತೆ ಎದ್ದರು. ತಾವೇ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದರು. ಮೇಸ್ತ್ರಿ ಕುರ್ಚಿಯನ್ನು ಮಗುಚಿ ಹಾಕಿ, ಚೀಲದಿಂದ ತಮ್ಮ ಉಳಿ ತೆಗೆದು ಅವಳ ಕೈಗಿಟ್ಟರು. ಅವಳು ಆಸನದಡಿ ತನ್ನ ಗುರುತು ಕೆತ್ತಿದಳು.

ಸೋಮವಾರ ಅವಳು ಆಸ್ಪತ್ರೆಗೆ ಹೋದಳು, ರಾಜೀನಾಮೆ ಕೊಡಲು. ಪತ್ರದಲ್ಲಿದ್ದ ಮೂರು ಕಾಗುಣಿತದ ತಪ್ಪನ್ನು ಅತ್ತೆ ಆ ಕುರ್ಚಿಯಲ್ಲೇ ಕೂತು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟಿದ್ದರು.